ಹೇಳಿದರೆ ಕೇಳದ ಚಾಲಕರಿಗೆ ಹೇಳುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಸುರಕ್ಷಿತ ಚಾಲನೆಯ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಿ ಎಂದು ಕೋರಿದ್ದಕ್ಕೆ ಬಂದ ಪತ್ರಗಳನ್ನು ಓದುವಾಗ ಒಂದು ಸಂಗತಿ ಎದ್ದು ಕಂಡಿತು. ತಾವು ಹೇಗೆ ಓಡಿಸಬೇಕು ಎಂದು ಕೇಳಿದವರು ಕಡಿಮೆ. ಮಗ, ಗಂಡ, ತಂದೆ, ಕೆಲಸಗಾರ, ವಿದ್ಯಾರ್ಥಿ, ಹೀಗೆ ತಮಗೆ ಬೇಕಾದ ಇನ್ನೊಬ್ಬರು ಎಚ್ಚರದಿಂದ ಓಡಿಸುವಂತೆ ಮಾಡುವುದು ಹೇಗೆ ಎಂದು ಕೇಳಿದವರೇ ಹೆಚ್ಚು. ಈ ಆತಂಕಕ್ಕೆ ಕಾರಣವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಪ್ರಾಣ ಕಳೆದುಕೊಂಡರು. 5ರಿಂದ 29 ವರ್ಷದೊಳಗಿನವರ ಸಾವಿಗೆ ಬೇರೆಲ್ಲ ಕಾರಣಗಳಿಗಿಂತ ಇದೇ ದೊಡ್ಡ ಕಾರಣ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತೆರಡು ವರ್ಷ. ಲೈಸೆನ್ಸ್ ಸಿಕ್ಕಿ ಬಹಳ ಕಾಲವಾಗಿಲ್ಲ, ಆದರೆ ಕಾರನ್ನು ವಿಪರೀತ ವೇಗವಾಗಿ ಓಡಿಸುತ್ತಾನೆ. ಹೇಳಿದರೆ, ‘ಅಮ್ಮಾ, ಗಾಡಿ ಪೂರ್ತಿ ನನ್ನ ಕಂಟ್ರೋಲ್‌ನಲ್ಲೇ ಇರುತ್ತೆ, ನೀನು ಸುಮ್ಮನೆ ಹೆದರಬೇಡ’ ಎನ್ನುತ್ತಾನೆ. ಬೈದದ್ದಾಯಿತು, ಅತ್ತದ್ದಾಯಿತು. ಇನ್ನೇನು ಮಾಡಲಿ?

ಉತ್ತರ: ತಾಯಿ, ನಿಮ್ಮ ಮಗ ನಿಮ್ಮನ್ನು ಸಮಾಧಾನಪಡಿಸುವುದಕ್ಕಾಗಿ ಹಾಗೆ ಹೇಳುತ್ತಿಲ್ಲ, ನಂಬಿಯೇ ಹೇಳುತ್ತಿದ್ದಾನೆ. ಅವನೊಬ್ಬನೇ ಅಲ್ಲ, ಚಾಲಕರಲ್ಲಿ ಬಹುಪಾಲು ಜನ ಹೀಗೆಯೇ ನಂಬಿರುತ್ತಾರೆ. ಓಲಾ ಸ್ವೆನ್ಸನ್ ಎಂಬ ಸಂಶೋಧಕರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಗುಂಪಿನಲ್ಲಿ ಚಾಲನಾ ಕೌಶಲದ ದೃಷ್ಟಿಯಿಂದ ತಾವು ಮೇಲಿನ ಅರ್ಧಕ್ಕೆ ಸೇರಿದವರು ಎಂದು ಹೇಳಿಕೊಂಡವರು ಅಮೆರಿಕದ ಗುಂಪಿನಲ್ಲಿ ಶೇ. 93ರಷ್ಟು, ಸ್ವೀಡನ್ನಿನ ಗುಂಪಿನಲ್ಲಿ ಶೇ. 69ರಷ್ಟು ಇದ್ದರು. ವೇಗವಾಗಿ ಓಡಿಸಿಯೂ ಏನೂ ಆಗದೆ ಮನೆಗೆ ಬಂದ ಪ್ರತಿ ದಿನವೂ ಈ ನಂಬಿಕೆಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗುತ್ತದೆ. ಅಪಘಾತವಾಗುತ್ತದೆ ಎಂದು ನೀವು ಎಚ್ಚರಿಸುತ್ತೀರಿ, ಆ ದಿನ ಆಗುವುದಿಲ್ಲ, ಮರುದಿನವೂ ಆಗುವುದಿಲ್ಲ. ಹೀಗಾಗಿ ನಿಮ್ಮ ಮಾತು ಅವನ ಕಣ್ಣಲ್ಲಿ ಸವೆಯುತ್ತಾ ಹೋಗುತ್ತದೆ.

ಆದ್ದರಿಂದ ಅವನಿಗೆ ಓಡಿಸಲು ಬರುತ್ತದೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ. ಚೆನ್ನಾಗಿ ಬರುತ್ತದೆ ಎಂದೇ ಒಪ್ಪಿಕೊಳ್ಳಿ. ಆ ಕೌಶಲ ಕೆಲಸಕ್ಕೆ ಬರುವ ಮೊದಲೇ ಗಾಡಿ ಎಷ್ಟು ದೂರ ಹೋಗಿರುತ್ತದೆ ಎಂಬ ಲೆಕ್ಕವನ್ನು ಮಾತ್ರ ಅವನ ಮುಂದಿಡಿ, ಸಾಧ್ಯವಾದರೆ ಅವನ ಕೈಯಿಂದಲೇ ಮಾಡಿಸಿ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 16.7 ಮೀಟರ್. ಅಡ್ಡ ಬಂದದ್ದನ್ನು ಕಣ್ಣು ಕಂಡು, ಮನಸ್ಸಿಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರಲ್ಲಿ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ಒಣಗಿದ್ದು, ಟೈರುಗಳು ಚೆನ್ನಾಗಿದ್ದು, ಬ್ರೇಕನ್ನು ಪೂರ್ತಿ ಒತ್ತಿದರೆ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಒಟ್ಟು 45 ಮೀಟರ್ ಆಯಿತು. ಇದೇ ಲೆಕ್ಕದಲ್ಲಿ 50 ಕಿ.ಮೀ. ವೇಗದ ಗಾಡಿ ಸುಮಾರು 35 ಮೀಟರಿನೊಳಗೆ ನಿಲ್ಲುತ್ತದೆ.

ಈಗ, ನಿಂತಿರುವ ಬಸ್ಸಿನ ಮುಂದಿನಿಂದ ಯಾರೋ ಒಬ್ಬರು ರಸ್ತೆಗೆ ಕಾಲಿಟ್ಟರು, ನಿಮ್ಮ ಮಗನ ಕಾರಿಗೂ ಅವರಿಗೂ ನಡುವೆ 35 ಮೀಟರ್ ಇದೆ ಎಂದುಕೊಳ್ಳಿ. 50ರಲ್ಲಿ ಬಂದಿದ್ದರೆ ಕಾರು ಅವರನ್ನು ಮುಟ್ಟುವ ಮೊದಲೇ ನಿಲ್ಲುತ್ತಿತ್ತು. 60ರಲ್ಲಿ ಬಂದಿದ್ದರೆ ಯಾವ ವೇಗದಲ್ಲಿ ಬಡಿಯುತ್ತಿತ್ತು ಎಂದು ಅವನನ್ನೇ ಕೇಳಿ. ಹೆಚ್ಚಿನವರು ಹತ್ತು ಎನ್ನುತ್ತಾರೆ, ಎರಡು ವೇಗಗಳ ನಡುವಿನ ವ್ಯತ್ಯಾಸ ಅಷ್ಟೇ ಅಲ್ಲವೇ ಎಂಬ ಭಾವನೆಯಿಂದ. ನಿಜವಾದ ಉತ್ತರ ಗಂಟೆಗೆ ಸುಮಾರು 42 ಕಿ.ಮೀ. ಬ್ರೇಕ್ ಹಾಕಿದ ಮೊದಲ ಮೀಟರುಗಳಲ್ಲಿ ವೇಗ ನಿಧಾನವಾಗಿ ಇಳಿಯುತ್ತದೆ, ಕೊನೆಯ ಮೀಟರುಗಳಲ್ಲಿ ಥಟ್ಟನೆ ಇಳಿಯುತ್ತದೆ; 60ರ ಗಾಡಿಗೆ ಆ ಕೊನೆಯ ಮೀಟರುಗಳೇ ಸಿಗುವುದಿಲ್ಲ. ಇಲ್ಲಿ ಎರಡೂ ಗಾಡಿಗಳನ್ನು ಓಡಿಸುತ್ತಿರುವವನು ಒಬ್ಬನೇ, ಅವನ ಕೌಶಲವೂ ಒಂದೇ. ಬುದ್ಧಿವಂತ ಹುಡುಗರಿಗೆ ಬೈಗುಳ ನಾಟದ ಕಡೆ ಇಂಥ ಲೆಕ್ಕ ನಾಟುತ್ತದೆ ಎಂಬುದು ನನ್ನ ದೃಢವಾದ ಅನಿಸಿಕೆ. ಜೊತೆಗೆ ವೇಗದಿಂದ ಉಳಿಯುವ ಸಮಯವನ್ನೂ ಅವನೇ ಲೆಕ್ಕ ಹಾಕಲಿ: 20 ಕಿ.ಮೀ. ದಾರಿಯನ್ನು 60ರ ಬದಲು 70ರಲ್ಲಿ ಒಂದೇ ಸಮನೆ ಕ್ರಮಿಸಿದರೂ ಉಳಿಯುವುದು ಮೂರು ನಿಮಿಷಕ್ಕಿಂತ ಕಡಿಮೆ, ಅದನ್ನೂ ದಾರಿಯ ಸಿಗ್ನಲ್ಲುಗಳು ತಿಂದುಹಾಕುತ್ತವೆ.

ಈ ಮಾತುಕತೆ ಅವನು ಸ್ಟೀರಿಂಗ್ ಹಿಡಿದಿರುವಾಗ ನಡೆಯಬಾರದು, ಅವನ ಗೆಳೆಯರ ಎದುರಿಗಂತೂ ಬೇಡವೇ ಬೇಡ. ಮಾತಾಡಿ ಮುಗಿದ ಮೇಲೆ ಒಂದು ದಿನ ಅವನ ಪಕ್ಕದಲ್ಲಿ ಕುಳಿತು, ಕಣ್ಣಿಗೆ ಬಿದ್ದ ಪ್ರತಿ ಅಪಾಯವನ್ನೂ ಜೋರಾಗಿ ಹೇಳುತ್ತಾ ಓಡಿಸುವಂತೆ ಕೇಳಿ. ‘ಮುಂದೆ ನಿಂತಿರುವ ಕಾರಿನೊಳಗೆ ತಲೆ ಕಾಣ್ತಿದೆ, ಬಾಗಿಲು ತೆಗೀಬಹುದು; ಆ ಸೈಕಲ್ಲಿನವರು ಹಿಂದೆ ತಿರುಗಿ ನೋಡಿದರು, ಅಡ್ಡ ಬರಬಹುದು; ಲಾರಿಯ ಬ್ರೇಕ್ ಲೈಟ್ ಹತ್ತಿತು’ ಎನ್ನುತ್ತಾ ಹೋಗಬೇಕು. ಚಾಲನಾ ತರಬೇತಿ ಕೊಡುವವರು ಬಳಸುವ ಹಳೆಯ ಪಾಠವಿದು. ವೇಗ ಒಂದು ಮಿತಿಯನ್ನು ದಾಟುತ್ತಿದ್ದಂತೆ ಹೇಳುವ ಮೊದಲೇ ವಸ್ತುಗಳು ಹಿಂದೆ ಸರಿದುಹೋಗುತ್ತವೆ, ಮಾತು ತಡವರಿಸುತ್ತದೆ, ಮತ್ತು ತಾನು ಎಷ್ಟನ್ನು ನೋಡದೆಯೇ ದಾಟುತ್ತಿದ್ದೆ ಎಂಬುದು ಚಾಲಕನಿಗೆ ತಾನಾಗಿಯೇ ತಿಳಿಯುತ್ತದೆ.

ಹೆಚ್ಚಿನ ತರಬೇತಿಗೆ ಕಳುಹಿಸಬಹುದೇ ಎಂದೂ ನೀವು ಯೋಚಿಸುತ್ತಿರಬಹುದು. ಅಪಾಯವನ್ನು ಮೊದಲೇ ಗುರುತಿಸುವುದನ್ನು ಕಲಿಸುವ ತರಬೇತಿಯಾದರೆ ಕಳುಹಿಸಿ. ಜಾರುವ ಗಾಡಿಯನ್ನು ಹತೋಟಿಗೆ ತರುವಂಥ ಸಾಹಸಗಳನ್ನು ಕಲಿಸುವುದಾದರೆ ಬೇಡ. ನಾರ್ವೆಯಲ್ಲಿ ಜಾರುವ ರಸ್ತೆಯ ಚಾಲನೆಯನ್ನು ಹೊಸ ಚಾಲಕರಿಗೆ ಕಡ್ಡಾಯವಾಗಿ ಕಲಿಸಿದಾಗ ಅಂಥ ರಸ್ತೆಗಳಲ್ಲಿ ಯುವಕರ ಅಪಘಾತಗಳು ಇಳಿಯುವ ಬದಲು ಏರಿದ್ದು ಕಂಡುಬಂತು, ಏಕೆಂದರೆ ಕೈಗೆ ಬಂದ ವಿದ್ಯೆಗಿಂತ ಮನಸ್ಸಿಗೆ ಬಂದ ಧೈರ್ಯ ಹೆಚ್ಚಾಗಿತ್ತು. ಇನ್ನೊಂದು ಮಾತು: ಹೊಸ ಚಾಲಕನ ಕಾರಿನಲ್ಲಿ ಅವನ ವಯಸ್ಸಿನ ಗೆಳೆಯರು ತುಂಬಿದಷ್ಟೂ ಅಪಾಯ ಏರುತ್ತದೆ, ರಾತ್ರಿಯಾದರೆ ಇನ್ನೂ ಹೆಚ್ಚು. ನ್ಯೂಜಿಲೆಂಡ್ 1987ರಲ್ಲಿಯೇ ಹೊಸಬರ ರಾತ್ರಿ ಚಾಲನೆಗೂ ಜೊತೆಗಾರರಿಗೂ ಮಿತಿ ಹಾಕುವ ಹಂತಹಂತದ ಲೈಸೆನ್ಸ್ ಪದ್ಧತಿಯನ್ನು ಜಾರಿಗೆ ತಂದದ್ದು ಇದೇ ಕಾರಣಕ್ಕೆ. ಕಾನೂನು ಇಲ್ಲದ ಕಡೆ ಮನೆಯವರು ಅದನ್ನೇ ಒಂದು ಒಪ್ಪಂದವಾಗಿ ಮಾಡಿಕೊಳ್ಳಬಹುದು.

ಪ್ರಶ್ನೆ: ನನ್ನ ಯಜಮಾನರು ಕಾರು ಓಡಿಸುತ್ತಲೇ ಫೋನಿನಲ್ಲಿ ಮಾತಾಡುತ್ತಾರೆ. ಆಫೀಸಿನ ಕರೆಗಳನ್ನು ತೆಗೆಯದಿದ್ದರೆ ಆಗುವುದಿಲ್ಲ ಎನ್ನುತ್ತಾರೆ. ನಾನು ಗಲಾಟೆ ಮಾಡಿದ ಮೇಲೆ ಈಗ ಕಿವಿಗೆ ಬ್ಲೂಟೂತ್ ಹಾಕಿಕೊಂಡಿದ್ದಾರೆ. ಇದು ಸಾಕೇ?

ಉತ್ತರ: ಸಾಲದು. ಕೈ ಬಿಡುವಾಯಿತು, ಮನಸ್ಸು ಬಿಡುವಾಗಲಿಲ್ಲ. ಚಾಲನೆಯ ವೇಳೆ ಫೋನ್ ಬಳಸುವವರು ಅಪಘಾತಕ್ಕೆ ಸಿಕ್ಕುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯಲ್ಲಿ ಹಿಡಿಯದೆ ಮಾತಾಡುವುದರಿಂದ ಈ ಅಪಾಯ ಹೆಚ್ಚೇನೂ ತಗ್ಗುವುದಿಲ್ಲ ಎಂಬುದನ್ನೂ ಅದು ಸ್ಪಷ್ಟಪಡಿಸಿದೆ. ಪಕ್ಕದಲ್ಲಿ ಕುಳಿತ ನಿಮ್ಮೊಂದಿಗೆ ಮಾತಾಡುವುದಕ್ಕೂ ಫೋನಿನಲ್ಲಿ ಮಾತಾಡುವುದಕ್ಕೂ ಏನು ವ್ಯತ್ಯಾಸ ಎಂದು ಅವರು ಕೇಳಿದರೆ ಅದಕ್ಕೂ ಉತ್ತರವಿದೆ. ಮುಂದೆ ಗಾಡಿಯೊಂದು ಗಕ್ಕನೆ ನಿಂತರೆ ನೀವು ಮಾತು ನಿಲ್ಲಿಸುತ್ತೀರಿ, ‘ರೀ, ನೋಡಿ’ ಎನ್ನುತ್ತೀರಿ. ದೂರದಲ್ಲಿರುವವರಿಗೆ ರಸ್ತೆ ಕಾಣುವುದಿಲ್ಲವಾದ್ದರಿಂದ ಅವರು ಅದೇ ಕ್ಷಣದಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಸಂದೇಶ ಓದುವುದಂತೂ ಇನ್ನೂ ಕೆಟ್ಟದ್ದು: ಗಂಟೆಗೆ 80 ಕಿ.ಮೀ. ವೇಗದಲ್ಲಿ ಐದು ಸೆಕೆಂಡು ಕಣ್ಣು ತೆಗೆದರೆ ನೂರಕ್ಕೂ ಹೆಚ್ಚು ಮೀಟರ್ ದಾರಿಯನ್ನು ನೋಡದೆಯೇ ದಾಟಿದಂತಾಗುತ್ತದೆ.

ಫೋನ್ ರಿಂಗಾಗುತ್ತಿರುವಾಗ ತೆಗೆಯಬೇಡಿ ಎಂದರೆ ಯಾರಿಗೂ ತಡೆದುಕೊಳ್ಳಲು ಆಗುವುದಿಲ್ಲ, ನಿರ್ಧಾರ ಅದಕ್ಕೂ ಮೊದಲೇ ಆಗಬೇಕು. ಹೊರಡುವಾಗಲೇ ಫೋನನ್ನು ಚಾಲನೆಯ ಮೋಡ್‌ಗೆ ಹಾಕಿ, ‘ಗಾಡಿ ಓಡಿಸುತ್ತಿದ್ದೇನೆ, ತಲುಪಿದ ಮೇಲೆ ಕರೆ ಮಾಡುತ್ತೇನೆ’ ಎಂಬ ಉತ್ತರ ತಾನಾಗಿ ಹೋಗುವಂತೆ ಮಾಡಿ, ಕೈಗೆಟುಕದ ಹಿಂದಿನ ಸೀಟಿನ ಚೀಲದಲ್ಲಿ ಇಡುವುದು ಒಳ್ಳೆಯದು. ನೀವು ಜೊತೆಗಿದ್ದರೆ ಕರೆಯನ್ನು ನೀವೇ ತೆಗೆದುಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಕರೆ ಮಾಡುವವರ ಕಡೆಯದು, ಅದನ್ನು ನಾವು ಮರೆತೇಬಿಟ್ಟಿದ್ದೇವೆ. ಯಾರಿಗೇ ಕರೆ ಮಾಡಿದರೂ ಮೊದಲು ‘ಗಾಡಿ ಓಡಿಸ್ತಿದ್ದೀರಾ?’ ಎಂದು ಕೇಳಿ, ಹೌದು ಎಂದರೆ ‘ಆಮೇಲೆ ಮಾಡುತ್ತೇನೆ’ ಎಂದು ಕೂಡಲೇ ಇಟ್ಟುಬಿಡುವ ರೂಢಿಯನ್ನು ನಿಮ್ಮ ಮನೆಯಿಂದಲೇ ಆರಂಭಿಸಿ. ‘ಎಲ್ಲಿದ್ದೀರಿ, ಎಷ್ಟೊತ್ತಾಗುತ್ತದೆ’ ಎಂದು ದಾರಿಯಲ್ಲಿರುವವರಿಗೆ ಪ್ರೀತಿಯಿಂದ ಮಾಡುವ ಕರೆಯೂ ಅವರ ಗಮನವನ್ನು ಅಷ್ಟೇ ಕದಲಿಸುತ್ತದೆ.

ಪ್ರಶ್ನೆ: ಹಿಂದಿನ ಸೀಟಿನಲ್ಲಿ ಕುಳಿತವರೂ ಬೆಲ್ಟ್ ಹಾಕಿಕೊಳ್ಳಬೇಕೇ? ಎದುರಿಗೆ ಮುಂದಿನ ಸೀಟು ಇರುತ್ತದಲ್ಲ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ.

ಉತ್ತರ: ಖಂಡಿತ ಹಾಕಿಕೊಳ್ಳಬೇಕು. ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗಿ ಗುದ್ದಿ ನಿಂತರೂ ಒಳಗಿರುವವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ, ಬಿದ್ದವರು ನೆಲ ಮುಟ್ಟುವ ವೇಗವೂ ಇಷ್ಟೇ. ಎದುರಿನ ಸೀಟು ಅವರನ್ನು ಕಾಪಾಡುವುದಿಲ್ಲ. ಬದಲಿಗೆ ಆ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕುಳಿತವರನ್ನು ಹಿಂದಿನವರ ಭಾರವೇ ಜಜ್ಜುತ್ತದೆ. ಜಪಾನಿನ ಅಪಘಾತ ದಾಖಲೆಗಳನ್ನು ಆಧರಿಸಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹಿಂದೆ ಕುಳಿತವರು ಬೆಲ್ಟ್ ಹಾಕದಿದ್ದಾಗ ಬೆಲ್ಟ್ ಹಾಕಿದ ಮುಂದಿನವರ ಸಾವಿನ ಅಪಾಯ ಸುಮಾರು ಐದು ಪಟ್ಟು ಏರುತ್ತದೆ ಎಂದು ಕಂಡುಕೊಂಡಿತು. ನಿಮ್ಮ ಹಿರಿಯರಿಗೆ ತಮ್ಮ ಜೀವದ ಚಿಂತೆ ಕಡಿಮೆಯಿರಬಹುದು. ಮುಂದೆ ಕುಳಿತ ಮಗ ಸೊಸೆಯ ಸಲುವಾಗಿ ಹಾಕಿಕೊಳ್ಳಿ ಎಂದರೆ ಅವರು ಇಲ್ಲವೆನ್ನಲಾರರು. ಎಲ್ಲರ ಬೆಲ್ಟ್ ಕ್ಲಿಕ್ ಎನ್ನುವವರೆಗೆ ಗಾಡಿ ಹೊರಡುವುದಿಲ್ಲ ಎಂಬ ನಿಯಮವನ್ನು ಓಡಿಸುವವರು ಇಟ್ಟುಕೊಂಡರೆ ಪ್ರತಿಸಲ ಚರ್ಚೆಯ ಅಗತ್ಯವೇ ಬೀಳುವುದಿಲ್ಲ.

ಪ್ರಶ್ನೆ: ನನ್ನದು ಸರಕು ತಲುಪಿಸುವ ಸಣ್ಣ ಉದ್ಯಮ. ಅಪಘಾತ ಮಾಡಿದ ಚಾಲಕರಿಗೆ ದಂಡ, ತಿಂಗಳಲ್ಲಿ ಹೆಚ್ಚು ಟ್ರಿಪ್ ಮುಗಿಸಿದವರಿಗೆ ಬಹುಮಾನ ಇಟ್ಟಿದ್ದೇನೆ. ಆದರೂ ಗಾಡಿಗಳಿಗೆ ಸಣ್ಣಪುಟ್ಟ ಪೆಟ್ಟು ತಪ್ಪಿಲ್ಲ. ದಂಡವನ್ನು ಹೆಚ್ಚಿಸಬೇಕೇ?

ಉತ್ತರ: ದಂಡವನ್ನು ಮುಟ್ಟುವ ಮೊದಲು ಬಹುಮಾನವನ್ನು ತೆಗೆಯಿರಿ. ನಿಮ್ಮ ಬಾಯಿ ನಿಧಾನವಾಗಿ ಹೋಗಿ ಎನ್ನುತ್ತಿದೆ, ನಿಮ್ಮ ಹಣ ಬೇಗ ಹೋಗಿ ಎನ್ನುತ್ತಿದೆ. ಸಂಸಾರ ನಡೆಸುವ ಮನುಷ್ಯ ಎರಡನೆಯದನ್ನು ಕೇಳುವುದರಲ್ಲಿ ತಪ್ಪಿಲ್ಲ. ದಂಡದಿಂದ ಆಗುವ ಕೆಡುಕು ಬೇರೆ ಬಗೆಯದು. ಪೆಟ್ಟು ಬಿದ್ದದ್ದನ್ನು ಚಾಲಕರು ಮುಚ್ಚಿಡುತ್ತಾರೆ, ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನಂತೂ ಹೇಳುವುದೇ ಇಲ್ಲ. ನಿಮಗೆ ನಿಜವಾಗಿ ಬೇಕಾದದ್ದು ಆ ಸುದ್ದಿಯೇ. ಇಂಥ ತಿರುವಿನಲ್ಲಿ ಎದುರಿನ ಗಾಡಿ ಕಾಣುವುದಿಲ್ಲ, ಇಂಥ ಗಾಡಿಯ ಬ್ರೇಕ್ ಒಂದು ಕಡೆಗೆ ಎಳೆಯುತ್ತದೆ, ಇಂಥ ವೇಳೆಯಲ್ಲಿ ಕಣ್ಣು ಎಳೆಯುತ್ತದೆ ಎಂದು ಚಾಲಕನೊಬ್ಬ ಹೆದರದೆ ಬಂದು ಹೇಳುವ ವಾತಾವರಣವಿದ್ದರೆ ಮುಂದಿನ ಅಪಘಾತವನ್ನು ತಡೆಯಲು ದಾರಿಯಿರುತ್ತದೆ. ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬುದನ್ನು ಮಾತಿನಲ್ಲಿ ಸಾರಿದರೆ ಸಾಲದು, ಮೊದಲ ಸಲ ಯಾರಾದರೂ ಬಂದು ಹೇಳಿದಾಗ ನೀವು ನಡೆದುಕೊಳ್ಳುವ ರೀತಿಯಿಂದ ಅವರು ಅದನ್ನು ನಂಬುತ್ತಾರೆ ಅಥವಾ ಬಿಡುತ್ತಾರೆ.

ನೀವು ಬರೆಯದಿದ್ದರೂ ಕೇಳಲೇಬೇಕಾದದ್ದು ನಿದ್ದೆಯ ವಿಚಾರ. ಹದಿನೇಳು ಗಂಟೆ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ಹಲವು ದೇಶಗಳಲ್ಲಿ ಕಾನೂನು ಹಾಕಿರುವ ಮಿತಿಯೇ ಅದು. ಬೆಳಗಿನ ಐದಕ್ಕೆ ಎದ್ದ ಚಾಲಕ ರಾತ್ರಿ ಹತ್ತರ ಹೊತ್ತಿಗೆ ಒಂದು ಹನಿಯನ್ನೂ ಮುಟ್ಟದೆಯೇ ಆ ಸ್ಥಿತಿಗೆ ಬಂದಿರುತ್ತಾನೆ. ನಡುರಾತ್ರಿ ಕಳೆದು ಬೆಳಗಾಗುವವರೆಗಿನ ಹೊತ್ತು ಮತ್ತು ಮಧ್ಯಾಹ್ನದ ಇಳಿಹೊತ್ತು, ಇವೆರಡೂ ದೇಹ ತಾನಾಗಿ ನಿದ್ದೆಯನ್ನು ಕೇಳುವ ಸಮಯಗಳು. ಕಿಟಕಿ ಇಳಿಸುವುದು, ಹಾಡು ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು, ಇವು ಯಾವುವೂ ನಿದ್ದೆಯನ್ನು ನಿಜವಾಗಿ ಓಡಿಸುವುದಿಲ್ಲ. ಕಳೆದ ಒಂದೆರಡು ಕಿಲೋಮೀಟರ್ ದಾರಿ ನೆನಪಿಗೆ ಬರುತ್ತಿಲ್ಲ, ಗಾಡಿ ಪದೇ ಪದೇ ರಸ್ತೆಯ ಗೆರೆ ದಾಟುತ್ತಿದೆ ಎಂದಾದರೆ ಸುರಕ್ಷಿತವಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಕಾಫಿ ಕುಡಿದು ಹದಿನೈದು ಇಪ್ಪತ್ತು ನಿಮಿಷ ಮಲಗುವುದೊಂದೇ ತಕ್ಷಣದ ಪರಿಹಾರ, ಆ ಮೇಲೂ ದೂರದ ದಾರಿಯನ್ನು ಹಿಡಿಯಬಾರದು. ಹೀಗೆ ಮಲಗಿದ ಕಾರಣಕ್ಕೆ ಸರಕು ತಡವಾದರೆ ಗಿರಾಕಿಗೆ ಉತ್ತರ ಹೇಳುವ ಹೊಣೆ ಮಾಲೀಕನದು ಎಂದು ಬರೆದು ಗೋಡೆಗೆ ಹಾಕಿ. ಚಾಲಕರ ನಡತೆ ಬದಲಾಗುವುದು ಅಲ್ಲಿಂದ.

ಪ್ರಶ್ನೆ: ನಮ್ಮ ತಂದೆಗೆ ಎಪ್ಪತ್ತು ದಾಟಿದೆ. ಈಗೀಗ ಕಾರಿಗೆ ಅಲ್ಲಲ್ಲಿ ಗೀರು ಕಾಣಿಸುತ್ತಿದೆ. ಓಡಿಸುವುದನ್ನು ಬಿಟ್ಟುಬಿಡಿ ಅಪ್ಪಾ ಎಂದರೆ ಎರಡು ದಿನ ಮಾತೇ ಬಿಡುತ್ತಾರೆ.

ಉತ್ತರ: ಅವರಿಗೆ ಕೇಳಿಸುತ್ತಿರುವುದು ಕಾರಿನ ವಿಚಾರವಲ್ಲ, ಇನ್ನು ಮುಂದೆ ಎಲ್ಲಿಗೆ ಹೋಗುವುದಕ್ಕೂ ನಮ್ಮನ್ನು ಕೇಳಬೇಕು ಎಂಬ ಮಾತು. ಆದ್ದರಿಂದ ಬಿಡಿ ಎಂಬಲ್ಲಿಂದ ಆರಂಭಿಸಬೇಡಿ. ವಯಸ್ಸೊಂದೇ ಚಾಲನೆಯನ್ನು ಕೆಡಿಸುವುದೂ ಇಲ್ಲ, ಎಪ್ಪತ್ತು ದಾಟಿಯೂ ಚೆನ್ನಾಗಿ ಓಡಿಸುವವರು ಬೇಕಾದಷ್ಟು ಜನರಿದ್ದಾರೆ. ಒಂದೆರಡು ಸಲ ಅವರ ಪಕ್ಕದಲ್ಲಿ ಕುಳಿತು, ಏನನ್ನೂ ಹೇಳದೆ, ಸುಮ್ಮನೆ ಗಮನಿಸಿ. ಹಿಂದಕ್ಕೆ ತೆಗೆಯುವಾಗ ಕುತ್ತಿಗೆ ತಿರುಗದೆ ಕನ್ನಡಿಯನ್ನಷ್ಟೇ ನಂಬುತ್ತಾರೆಯೇ? ಎದುರು ಗಾಡಿಯ ಬೆಳಕು ಕಣ್ಣಿಗೆ ಬಿದ್ದ ಮೇಲೆ ರಸ್ತೆ ಮತ್ತೆ ಕಾಣಲು ಬಹಳ ಹೊತ್ತು ಹಿಡಿಯುತ್ತದೆಯೇ? ಕೂಡುರಸ್ತೆಯಲ್ಲಿ ಬರುತ್ತಿರುವ ಗಾಡಿಯ ವೇಗವನ್ನು ಅಂದಾಜು ಮಾಡುವುದರಲ್ಲಿ ಎಡವುತ್ತಾರೆಯೇ? ಹೀಗೆ ಇಂಥದ್ದು ಎಂದು ಗುರುತಿಸಿದರೆ ಬಹಳಷ್ಟಕ್ಕೆ ಪರಿಹಾರವಿದೆ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಿದೆ, ಹಿಂದಕ್ಕೆ ತೆಗೆಯಲು ಕ್ಯಾಮೆರಾ ಇದೆ, ತೂಕಡಿಕೆ ತರುವ ಔಷಧಿಗಳಿದ್ದರೆ ವೈದ್ಯರು ಬದಲಾಯಿಸಿಕೊಡಬಹುದು. ವೈದ್ಯರ ಬಾಯಿಂದ ಬಂದ ಮಾತನ್ನು ಮಕ್ಕಳ ಮಾತಿಗಿಂತ ಸುಲಭವಾಗಿ ತಂದೆ ಒಪ್ಪುತ್ತಾರೆ. ಮೊದಲ ಹೆಜ್ಜೆಯಾಗಿ ರಾತ್ರಿ ಮತ್ತು ಮಳೆಯಲ್ಲಿ ಓಡಿಸುವುದನ್ನು ಬಿಡಲು ಕೇಳಿ, ಆ ಹೊತ್ತಿನಲ್ಲಿ ಕರೆದುಕೊಂಡು ಹೋಗುವವರು ಯಾರು ಎಂಬುದನ್ನು ಅದೇ ಮಾತಿನಲ್ಲಿ ಹೇಳಿ. ಆದರೆ ಪರಿಚಿತ ದಾರಿಯಲ್ಲೇ ದಿಕ್ಕು ತಪ್ಪುವುದು, ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿಯುವುದು ಒಮ್ಮೆ ಕಂಡರೂ ಹಂತಹಂತದ ಮಾತು ಬೇಡ, ಆ ದಿನವೇ ಓಡಿಸುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಪ್ರಶ್ನೆ: ನಾನು ಕಾಲೇಜು ಉಪನ್ಯಾಸಕಿ. ರಸ್ತೆ ಸುರಕ್ಷತೆಯ ಕಾರ್ಯಕ್ರಮದಲ್ಲಿ ಅಪಘಾತದ ಭೀಕರ ಚಿತ್ರಗಳನ್ನು ತೋರಿಸಿದರೆ ವಿದ್ಯಾರ್ಥಿಗಳು ಎಚ್ಚೆತ್ತುಕೊಳ್ಳುತ್ತಾರೆಯೇ?

ಉತ್ತರ: ಆ ಸಂಜೆಯ ಮಟ್ಟಿಗೆ ಹೆದರುತ್ತಾರೆ. ಹೆದರಿಕೆಯನ್ನು ಹುಟ್ಟಿಸಿ ಮಾಡಬೇಕಾದ್ದನ್ನು ಹೇಳದೆ ಬಿಟ್ಟರೆ, ಅಂಥದ್ದು ತನಗಲ್ಲ, ಅಜಾಗರೂಕರಿಗೆ ಆಗುವುದು ಎಂದು ಮನಸ್ಸು ತಪ್ಪಿಸಿಕೊಳ್ಳುತ್ತದೆ. ಒಬ್ಬರಾದರೂ ಮನೆಯವರನ್ನು ರಸ್ತೆಯಲ್ಲಿ ಕಳೆದುಕೊಂಡವರು ಆ ತರಗತಿಯಲ್ಲಿರಬಹುದು ಎಂಬುದನ್ನೂ ಯೋಚಿಸಿ. ಅದರ ಬದಲು ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ, ಮೇಲಿನ ಲೆಕ್ಕದ 35 ಮತ್ತು 45 ಮೀಟರುಗಳನ್ನು ಸುಣ್ಣದ ಗೆರೆ ಎಳೆದು ತೋರಿಸಿ, ನಡುವಿನ ಹತ್ತು ಮೀಟರನ್ನು ನಡೆದು ನೋಡಲು ಹೇಳಿ. ಹೆಲ್ಮೆಟ್ ತರಲು ಹೇಳಿ ಅದರ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದು, ಹಿಂದಿನಿಂದ ಎತ್ತಿದರೆ ಕಳಚಿ ಬರುತ್ತದೆಯೇ ಎಂದು ಒಬ್ಬರದನ್ನೊಬ್ಬರು ಪರೀಕ್ಷಿಸಲಿ. ಪಟ್ಟಿ ಬಿಗಿಯದ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ತಲೆಯಿಂದ ಹಾರಿಹೋಗುತ್ತದೆ. ಗೆಳೆಯ ಕುಡಿದು ಬೈಕಿನ ಕೀಲಿ ಹಿಡಿದಾಗ ಏನು ಹೇಳಬೇಕು, ವೇಗವಾಗಿ ಓಡಿಸುವವನ ಹಿಂದೆ ಕುಳಿತಾಗ ‘ನನಗೆ ಭಯವಾಗ್ತಿದೆ, ನಿಧಾನ ಮಾಡು, ಇಲ್ಲಾಂದ್ರೆ ಇಳೀತೀನಿ’ ಎಂದು ಹೇಗೆ ಹೇಳಬೇಕು ಎಂಬುದನ್ನು ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಸಿ. ಹೇಳಿ ರೂಢಿಯಿಲ್ಲದ ಮಾತು ಬೇಕಾದ ಹೊತ್ತಿಗೆ ಗಂಟಲಿನಿಂದ ಹೊರಡುವುದಿಲ್ಲ.

ಪ್ರಶ್ನೆ: ನಾನು ನಿಗದಿತ ವೇಗದಲ್ಲಿ ಹೋಗುತ್ತಿದ್ದರೆ ಹಿಂದಿನ ಗಾಡಿಯವರು ಅಂಟಿಕೊಂಡಂತೆ ಬಂದು, ಹಾರ್ನ್ ಹೊಡೆದು, ಲೈಟ್ ಮಿಣುಕಿಸುತ್ತಾರೆ. ಇಂಥವರಿಗೆ ಬುದ್ಧಿ ಕಲಿಸುವುದು ಹೇಗೆ?

ಉತ್ತರ: ರಸ್ತೆಯಲ್ಲಿ ಕಲಿಸಲು ಹೋಗಬೇಡಿ. ಬ್ರೇಕ್ ಲೈಟ್ ತೋರಿಸಿ ಹೆದರಿಸುವುದು, ಬೇಕೆಂದೇ ಇನ್ನಷ್ಟು ನಿಧಾನಿಸುವುದು ಅವರ ಸಿಟ್ಟನ್ನು ಏರಿಸುತ್ತದೆ, ಪೆಟ್ಟು ಬೀಳುವುದು ನಿಮ್ಮ ಗಾಡಿಗೆ. ವೇಗವನ್ನು ಹೆಚ್ಚಿಸಲೂ ಬೇಡಿ. ನಿಮ್ಮ ಮುಂದಿನ ಗಾಡಿಯಿಂದ ಇರುವ ಅಂತರವನ್ನು ಹೆಚ್ಚಿಸಿಕೊಳ್ಳಿ, ಏಕೆಂದರೆ ಹಿಂದಿನವರಿಗೆ ನಿಲ್ಲಿಸಲು ಜಾಗವಿಲ್ಲದ ಕಾರಣ ನೀವು ಗಕ್ಕನೆ ಬ್ರೇಕ್ ಹಾಕುವ ಸಂದರ್ಭವೇ ಬರಬಾರದು. ಮುಂದಿನ ಗಾಡಿ ಒಂದು ಕಂಬವನ್ನು ದಾಟಿದ ಮೇಲೆ ನೀವು ಅದೇ ಕಂಬವನ್ನು ಮುಟ್ಟಲು ಸಾಧಾರಣ ದಿನಗಳಲ್ಲಿ ಕನಿಷ್ಠ ಎರಡು ಸೆಕೆಂಡು ಬೇಕು, ಮಳೆಯಲ್ಲಿ ನಾಲ್ಕು. ಹಿಂದೆ ಇಂಥವರಿದ್ದರೆ ಒಣ ರಸ್ತೆಯಲ್ಲಿಯೂ ನಾಲ್ಕನ್ನೇ ಇಟ್ಟುಕೊಳ್ಳಿ. ಮುಂದೆ ಅಗಲವಾದ ಜಾಗ ಸಿಕ್ಕ ಕೂಡಲೇ ಇಂಡಿಕೇಟರ್ ಹಾಕಿ, ಬದಿಗೆ ಸರಿದು, ಅವರನ್ನು ಮುಂದೆ ಹೋಗಲು ಬಿಡಿ.